ಮೊದಲ ವರ್ಷ ಕೂರುವುದೋ, ಕಣಕ್ಕಿಳಿಯುವುದೋ? ಅಮೆರಿಕದ ಕಾಲೇಜು ಕುಸ್ತಿಯಲ್ಲಿ ರೆಡ್‌ಶರ್ಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ. ಅದರ ಅತಿ ಮೇಲಿನ ಹಂತವಾದ ಡಿವಿಷನ್ 1ರ ಕಾಲೇಜಿನ ಕುಸ್ತಿ ತಂಡಕ್ಕೆ ಈ ವರ್ಷ ಸೇರುತ್ತಿರುವ ಹುಡುಗರಿಗೂ ಅವರ ಅಪ್ಪ ಅಮ್ಮಂದಿರಿಗೂ ಈ ಪುಟ. ಅಮೆರಿಕದಲ್ಲಿರುವ ನಮ್ಮ ಮನೆಗಳಲ್ಲಿ ಕ್ರಿಕೆಟ್, ಟೆನಿಸ್ ಗೊತ್ತಿರುವಷ್ಟು ಈ ಆಟದ ಒಳಲೆಕ್ಕ ಗೊತ್ತಿರುವುದಿಲ್ಲ. ಹಾಗಾಗಿ ಮೊದಲಿನಿಂದಲೇ ಶುರುಮಾಡಿದ್ದೇವೆ. ಗೊತ್ತಿದ್ದವರು ತೂಕದ ಪ್ರಶ್ನೆಗೆ ನೇರ ಹೋಗಬಹುದು.

ರೆಡ್‌ಶರ್ಟ್ ಅಂದರೆ ಏನು?

ಪೂರ್ಣಾವಧಿ ವಿದ್ಯಾರ್ಥಿಯಾಗಿ ಕಾಲೇಜು ಸೇರಿದ ದಿನ ಐದು ವರ್ಷದ ಗಡಿಯಾರ ಓಡಲು ಶುರುವಾಗುತ್ತದೆ. ಆ ಐದು ವರ್ಷದೊಳಗೆ ನಾಲ್ಕು ಸೀಸನ್ ಸ್ಪರ್ಧಿಸಬಹುದು. ಉಳಿದ ಒಂದು ವರ್ಷ ತಂಡದ ಜೊತೆ ಅಭ್ಯಾಸ ಮಾಡುತ್ತಾ, ತರಗತಿಗೆ ಹೋಗುತ್ತಾ, ಸ್ಕಾಲರ್‌ಶಿಪ್ ಇದ್ದರೆ ಅದನ್ನೂ ಪಡೆಯುತ್ತಾ, ಕಾಲೇಜಿನ ಪರವಾಗಿ ಮಾತ್ರ ಸ್ಪರ್ಧಿಸದೆ ಇರುವುದಕ್ಕೆ ರೆಡ್‌ಶರ್ಟ್ ಎನ್ನುತ್ತಾರೆ. ಹಾಗೆ ಕೂತು ಮರುವರ್ಷ ಇಳಿದವನು ‘ರೆಡ್‌ಶರ್ಟ್ ಫ್ರೆಶ್‌ಮನ್’. ಬಂದ ವರ್ಷವೇ ಇಳಿದವನು ‘ಟ್ರೂ ಫ್ರೆಶ್‌ಮನ್’.

ಇದು ಒಂದು ವರ್ಷ ಕೊಟ್ಟು ಇನ್ನೊಂದನ್ನು ತೆಗೆದುಕೊಳ್ಳುವ ವ್ಯವಹಾರ. ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆಯುವುದು ಮಾರ್ಚ್‌ನಲ್ಲಿ. ಹುಡುಗ ಹದಿನೆಂಟು ಹತ್ತೊಂಬತ್ತರ ವಯಸ್ಸಿನ ಮಾರ್ಚ್ ಬಿಟ್ಟುಕೊಟ್ಟು ಇಪ್ಪತ್ತೆರಡು ಇಪ್ಪತ್ತಮೂರರ ಮಾರ್ಚ್ ಪಡೆಯುತ್ತಾನೆ. ಆದ್ದರಿಂದ ‘ಈ ವರ್ಷ ಗೆಲ್ಲುತ್ತಾನಾ’ ಎಂದು ಕೇಳಿದರೆ ಅರ್ಧ ಪ್ರಶ್ನೆ ಮಾತ್ರ ಕೇಳಿದಂತೆ. ಐದನೇ ವರ್ಷ ಅವನು ಇದೇ ಆಟದಲ್ಲಿ ಇರುತ್ತಾನಾ, ಇರಲು ಮನಸ್ಸಿದೆಯಾ, ಹಣವಿದೆಯಾ ಎನ್ನುವುದು ಉಳಿದರ್ಧ. ಆ ಐದನೇ ವರ್ಷ ಬರುವುದೇ ಇಲ್ಲ ಎಂದಾದರೆ ರೆಡ್‌ಶರ್ಟ್‌ನಿಂದ ಏನೂ ಉಳಿಯಲಿಲ್ಲ, ಒಂದು ಸೀಸನ್ ಕಳೆಯಿತು ಅಷ್ಟೇ.

ಒಂದು ಎಚ್ಚರಿಕೆ. ಐದು ವರ್ಷಕ್ಕೆ ಐದು ಸೀಸನ್ ಕೊಡಬೇಕೆಂಬ ಪ್ರಸ್ತಾವ ಎನ್‌ಸಿಎಎಯಲ್ಲಿ ಚರ್ಚೆಗೆ ಬಂದಿದೆ. ಈ ಪುಟದ ಲೆಕ್ಕವೆಲ್ಲ ಐದಕ್ಕೆ ನಾಲ್ಕು ಎಂಬ ನಿಯಮದ ಮೇಲೆ ನಿಂತಿದೆ. ಐದಕ್ಕೆ ಐದು ಅನ್ವಯವಾಗುವ ಹುಡುಗನಿಗೆ ಸುಮ್ಮನೆ ಕೂರುವುದು ಬರೀ ನಷ್ಟ. ನಿಮ್ಮ ಮಗ ಸೇರುವ ವರ್ಷಕ್ಕೆ ಯಾವ ನಿಯಮ ಎಂಬುದನ್ನು ಕಾಲೇಜಿನಲ್ಲಿ ಎನ್‌ಸಿಎಎ ನಿಯಮಪಾಲನೆ ನೋಡಿಕೊಳ್ಳುವ ಕಂಪ್ಲಯನ್ಸ್ ಆಫೀಸಿಗೆ ಇಮೇಲ್ ಮಾಡಿ, ಉತ್ತರವನ್ನೂ ಇಮೇಲ್‌ನಲ್ಲೇ ತರಿಸಿಕೊಳ್ಳಿ. ಕೋಚ್ ಫೋನಿನಲ್ಲಿ ಹೇಳಿದ್ದು ಸಾಲದು.

ಇದಕ್ಕೆ ಅರ್ಜಿ ಹಾಕಬೇಕೇ? ಕೊನೆಯ ದಿನಾಂಕ ಯಾವುದು?

ಅರ್ಜಿಯೂ ಇಲ್ಲ, ಕೊನೆಯ ದಿನಾಂಕವೂ ಇಲ್ಲ. ಸೀಸನ್ ಮುಗಿದಾಗ ಮಿತಿ ಮೀರಿ ಸ್ಪರ್ಧಿಸಿಲ್ಲದಿದ್ದರೆ ಅವನು ರೆಡ್‌ಶರ್ಟ್ ಆದ ಹಾಗೆ. ಅಕ್ಟೋಬರ್‌ನಲ್ಲಿ ಕೋಚ್ ‘ಇವನು ರೆಡ್‌ಶರ್ಟ್’ ಎಂದು ಪತ್ರಿಕೆಯವರಿಗೆ ಹೇಳಿದ್ದು ಒಂದು ಯೋಜನೆ ಮಾತ್ರ. ಜನವರಿಯಲ್ಲಿ ಬದಲಾಗಬಹುದು, ಎಷ್ಟೋ ಸಲ ಬದಲಾಗಿದೆ.

ಒಂದೇ ಒಂದು ಪಂದ್ಯ ಆಡಿದರೂ ಸೀಸನ್ ಹೋಗುತ್ತದೆಯೇ?

ಮೊದಲು ಹಾಗಿತ್ತು. ಕಾಲೇಜಿನ ಸಿಂಗ್ಲೆಟ್ (ಕುಸ್ತಿಯ ಮೈಗಂಟಿದ ಉಡುಪು) ತೊಟ್ಟು ಒಂದು ಸಲ ಮ್ಯಾಟ್ ಹತ್ತಿದರೆ ಮುಗಿಯಿತು. 2022-23ರ ಸೀಸನ್‌ನಿಂದ ಮೊದಲ ವರ್ಷದ ಹುಡುಗರಿಗೆ ಐದು ಸ್ಪರ್ಧಾ ದಿನಗಳ ಸಡಿಲಿಕೆ ಬಂದಿದೆ. ಅಷ್ಟರವರೆಗೆ ಕಾಲೇಜಿನ ಪರವಾಗಿ ಆಡಿದರೂ ಸೀಸನ್ ಖರ್ಚಾಗುವುದಿಲ್ಲ. ಆರನೆಯದಕ್ಕೆ ಇಳಿದರೆ ಪೂರ್ತಿ ಸೀಸನ್ ಹೋಯಿತು. ಅರ್ಧ, ಕಾಲು ಎಂಬ ಲೆಕ್ಕವಿಲ್ಲ.

ಎಣಿಸುವುದು ದಿನಗಳನ್ನು, ಪಂದ್ಯಗಳನ್ನಲ್ಲ. ಒಂದೇ ದಿನದ ಟೂರ್ನಿಯಲ್ಲಿ ನಾಲ್ಕು ಪಂದ್ಯ ಆಡಿದರೂ ಅದು ಒಂದು. ಎರಡು ದಿನದ ಟೂರ್ನಿಯನ್ನು ಹೇಗೆ ಎಣಿಸುತ್ತಾರೆ ಎಂದು ಹೆಸರು ಕೊಡುವ ಮೊದಲೇ ಕಂಪ್ಲಯನ್ಸ್‌ನವರನ್ನು ಕೇಳಿ. ಎಣಿಕೆಯನ್ನು ಹುಡುಗನೇ ಫೋನಿನಲ್ಲಿ ಬರೆದಿಟ್ಟುಕೊಳ್ಳಲಿ: ದಿನಾಂಕ, ಎದುರಾಳಿ ಕಾಲೇಜು, ಕಾಲೇಜಿನ ಪರವಾಗಿಯೋ ಸ್ವಂತ ಹೆಸರಲ್ಲೋ. ಐದನ್ನು ಮಾರ್ಚ್‌ಗೆ ಕೂಡಿಟ್ಟುಕೊಳ್ಳುವ ಯೋಚನೆ ಬೇಡ. ಕಾನ್ಫರೆನ್ಸ್ (ಒಟ್ಟಾಗಿ ಸ್ಪರ್ಧಿಸುವ ಕಾಲೇಜುಗಳ ಗುಂಪು) ಟೂರ್ನಿಗೆ ಇಳಿಯುವವನು ಆ ಸೀಸನ್ ಖರ್ಚು ಮಾಡಲೆಂದೇ ಇಳಿಯುತ್ತಾನೆ.

ಈ ಐದು ದಿನಗಳನ್ನು ದುರ್ಬಲ ಎದುರಾಳಿಗಳ ಮೇಲೆ ಕಳೆದರೆ ಏನೂ ತಿಳಿಯುವುದಿಲ್ಲ. ಅದೇ ತೂಕದಲ್ಲಿ ರಾಷ್ಟ್ರಮಟ್ಟದಲ್ಲಿ ಹೆಸರಿರುವ ಇಬ್ಬರು ಮೂವರ ಮೇಲೆ ಬಿಟ್ಟು ನೋಡಬೇಕು. ಸೋತರೂ ಹೇಗೆ ಸೋತ ಎಂಬುದರಲ್ಲಿ ನಿಮಗೆ ಬೇಕಾದ ಉತ್ತರ ಇರುತ್ತದೆ.

ನಮ್ಮ ಹುಡುಗ ರಾಜ್ಯ ಚಾಂಪಿಯನ್. ಅವನಿಗೂ ಇದೆಲ್ಲ ಬೇಕೇ?

ಡಿವಿಷನ್ 1 ತಂಡದ ಅಭ್ಯಾಸದ ಕೋಣೆಯಲ್ಲಿ ರಾಜ್ಯ ಚಾಂಪಿಯನ್ ಆಗದವನನ್ನು ಹುಡುಕುವುದೇ ಕಷ್ಟ. ಆ ಪದಕ ಕೋಣೆಯ ಬಾಗಿಲವರೆಗೆ ಕರೆತರುತ್ತದೆ, ಅಷ್ಟೇ.

ಬದಲಾಗುವುದು ಮೂರು. ಹೈಸ್ಕೂಲಿನ ಪಂದ್ಯ ಎರಡೆರಡು ನಿಮಿಷದ ಮೂರು ಸುತ್ತು. ಕಾಲೇಜಿನದು ಮೂರು, ಎರಡು, ಎರಡು, ಒಟ್ಟು ಏಳು ನಿಮಿಷ. ಒಂದೇ ನಿಮಿಷ ಹೆಚ್ಚಲ್ಲವೇ ಅನಿಸುತ್ತದೆ, ಆದರೆ ಹೊಸ ಹುಡುಗರು ಕುಸಿಯುವುದು ಆ ಕೊನೆಯ ನಿಮಿಷದಲ್ಲೇ. ಎರಡನೆಯದು ವಯಸ್ಸು. ಎದುರಿಗೆ ನಿಂತವನಿಗೆ ಇಪ್ಪತ್ತಮೂರು ಇರಬಹುದು. ಅವನ ಸೊಂಟದ, ಹಿಡಿತದ ಬಲ ಬೇರೆಯೇ.

ಮೂರನೆಯದೇ ದೊಡ್ಡದು: ಕೆಳಗೆ ಸಿಕ್ಕಿಕೊಂಡಾಗ ಏಳುವುದು. ಇಲ್ಲಿ ನಡೆಯುವುದು ಫೋಕ್‌ಸ್ಟೈಲ್ ಕುಸ್ತಿ. ನಮ್ಮ ಗರಡಿಯವರಿಗಾಗಲಿ, ಒಲಿಂಪಿಕ್ಸ್‌ನ ಫ್ರೀಸ್ಟೈಲ್ ನೋಡಿದವರಿಗಾಗಲಿ ಇದು ಸ್ವಲ್ಪ ವಿಚಿತ್ರವಾಗಿ ಕಾಣುತ್ತದೆ. ಫ್ರೀಸ್ಟೈಲಿನಲ್ಲಿ ಕೆಳಗೆ ಬಿದ್ದವನು ಕವುಚಿ ಗಟ್ಟಿಯಾಗಿ ಕೂತರೆ ಸ್ವಲ್ಪ ಹೊತ್ತಿಗೆ ರೆಫರಿಯೇ ಇಬ್ಬರನ್ನೂ ಎಬ್ಬಿಸುತ್ತಾನೆ. ಫೋಕ್‌ಸ್ಟೈಲಿನಲ್ಲಿ ಅವನೇ ಬಿಡಿಸಿಕೊಂಡು ಏಳಬೇಕು. ಎದ್ದರೆ ಒಂದು ಅಂಕ. ಏಳದಿದ್ದರೆ ಮೇಲಿದ್ದವನ ಗಡಿಯಾರ ಓಡುತ್ತಿರುತ್ತದೆ. ಪಂದ್ಯದ ಕೊನೆಗೆ ಒಬ್ಬ ಇನ್ನೊಬ್ಬನಿಗಿಂತ ಒಂದು ನಿಮಿಷ ಹೆಚ್ಚು ಹೊತ್ತು ಮೇಲಿದ್ದರೆ ಅವನಿಗೆ ‘ರೈಡಿಂಗ್ ಟೈಮ್’ ಅಂಕ. ಹೈಸ್ಕೂಲಿನಲ್ಲಿ ಈ ಅಂಕವೇ ಇಲ್ಲ. ಅಲ್ಲಿ ನಿಂತ ಕುಸ್ತಿಯಲ್ಲೇ ಎಲ್ಲರನ್ನೂ ಕೆಡವಿ ಬಂದವನು ಕೆಳಗಿನಿಂದ ಏಳುವುದನ್ನು ಸರಿಯಾಗಿ ಕಲಿತೇ ಇರುವುದಿಲ್ಲ, ಅದರ ಅಗತ್ಯವೇ ಬಿದ್ದಿರುವುದಿಲ್ಲ. 2023-24ರಿಂದ ಟೇಕ್‌ಡೌನ್‌ಗೆ, ಅಂದರೆ ನಿಂತವನನ್ನು ಕೆಡವಿ ಹಿಡಿತಕ್ಕೆ ತರುವುದಕ್ಕೆ, ಮೂರು ಅಂಕ ಮಾಡಿರುವುದರಿಂದ ನಿಂತ ಕುಸ್ತಿ ಬಲ್ಲವನಿಗೆ ತುಸು ಅನುಕೂಲವಾಗಿದೆ. ಆದರೂ ಎರಡನೇ ಸುತ್ತು ಪೂರ್ತಿ ಕೆಳಗೇ ಕಳೆಯುವ ಹುಡುಗ ಇನ್ನೂ ತಯಾರಾಗಿಲ್ಲ ಎಂದೇ ನಮ್ಮ ಅಭಿಪ್ರಾಯ. ನವೆಂಬರ್‌ನ ವಿಡಿಯೊ ಹಾಕಿಕೊಂಡು, ಸ್ಟಾಪ್‌ವಾಚ್ ಹಿಡಿದು, ಪ್ರತಿ ಸಲ ಕೆಳಗಿನಿಂದ ಏಳಲು ಎಷ್ಟು ಸೆಕೆಂಡ್ ಬೇಕಾಯಿತು ಎಂದು ಬರೆಯಿರಿ. ಗೆಲುವು ಸೋಲಿಗಿಂತ ಹೆಚ್ಚು ಆ ಪಟ್ಟಿ ಹೇಳುತ್ತದೆ.

ತೂಕ ಹೇಗೆ ತೀರ್ಮಾನಿಸುವುದು?

ಹತ್ತೇ ತೂಕಗಳು: 125, 133, 141, 149, 157, 165, 174, 184, 197, 285 ಪೌಂಡ್. ಕಿಲೋ ಲೆಕ್ಕದಲ್ಲಿ ಸುಮಾರು 57ರಿಂದ 129. ತಂಡದಿಂದ ತೂಕಕ್ಕೆ ಒಬ್ಬ. ಹೈಸ್ಕೂಲಿನಲ್ಲಿ ಹದಿನಾಲ್ಕರವರೆಗೂ ತೂಕಗಳಿರುತ್ತಿದ್ದವು, ಅಂತರ ಕಡಿಮೆ ಇತ್ತು. ಇಲ್ಲಿ ಎರಡು ತೂಕಗಳ ಮಧ್ಯೆ ಸಿಕ್ಕಿಕೊಳ್ಳುವವರು ಹೆಚ್ಚು.

ಮನಸ್ಸಿಗೆ ಬಂದ ತೂಕಕ್ಕೆ ಇಳಿಯಲು ನಿಯಮ ಬಿಡುವುದಿಲ್ಲ. 1997ರ ಕೊನೆಯಲ್ಲಿ ಕೆಲವೇ ವಾರಗಳ ಅಂತರದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ತೂಕ ಇಳಿಸುವ ಭರದಲ್ಲಿ ಸತ್ತರು. ಅದಾದ ಮೇಲೆ ಬಂದ ವ್ಯವಸ್ಥೆ ಇದು: ಸೀಸನ್ ಮುಂಚೆ ಮೂತ್ರ ಪರೀಕ್ಷೆ ಮಾಡಿ ದೇಹದಲ್ಲಿ ಸಾಕಷ್ಟು ನೀರಿದೆಯೇ ನೋಡುತ್ತಾರೆ, ಸಾಪೇಕ್ಷ ಸಾಂದ್ರತೆ 1.020 ಮೀರಬಾರದು. ಆಮೇಲೆ ಕೊಬ್ಬಿನ ಪ್ರಮಾಣ ಅಳೆದು, 5 ಶೇಕಡಾ ಕೊಬ್ಬು ಉಳಿಯುವಂತೆ ಕನಿಷ್ಠ ತೂಕ ಲೆಕ್ಕ ಹಾಕುತ್ತಾರೆ. ಇಳಿಸುವ ವೇಗ ವಾರಕ್ಕೆ ದೇಹತೂಕದ 1.5 ಶೇಕಡಾ ದಾಟುವಂತಿಲ್ಲ. ಸೌನಾ, ರಬ್ಬರ್ ಸೂಟ್, ಮೂತ್ರ ಹೆಚ್ಚಿಸುವ ಮಾತ್ರೆ ಎಲ್ಲ ನಿಷಿದ್ಧ. ತೂಕ ನೋಡುವುದು ಪಂದ್ಯಕ್ಕೆ ಒಂದೆರಡು ಗಂಟೆ ಮೊದಲಷ್ಟೇ. ಹಾಗಾಗಿ ಒಣಗಿಸಿಕೊಂಡು ಬಂದವನಿಗೆ ಚೇತರಿಸಿಕೊಳ್ಳಲು ಹೊತ್ತಿಲ್ಲ.

ಲೆಕ್ಕ ಮನೆಯಲ್ಲೇ ಹಾಕಿ ನೋಡಿ. ಹುಡುಗ 152 ಪೌಂಡ್, ಕೊಬ್ಬು 12 ಶೇಕಡಾ. ಕೊಬ್ಬು ಬಿಟ್ಟ ತೂಕ 133.8. ಅದನ್ನು 0.95ರಿಂದ ಭಾಗಿಸಿದರೆ 140.8. ಕಾಗದದ ಮೇಲೆ 141 ತೆರೆದಿದೆ. ವಾರಕ್ಕೆ ಎರಡು ಪೌಂಡ್ ಚಿಲ್ಲರೆಯಂತೆ ಹನ್ನೊಂದು ಪೌಂಡ್ ಇಳಿಸಲು ಐದು ವಾರ ಬೇಕು. ಅದೇ ಹುಡುಗನ ಕೊಬ್ಬು 10 ಶೇಕಡಾ ಇದ್ದರೆ ಕನಿಷ್ಠ ತೂಕ 144, ಅಂದರೆ 141 ಮುಚ್ಚಿತು, ಅವನ ಜಾಗ 149.

ಈಗ ನಿಜವಾದ ಪ್ರಶ್ನೆ. ಕಾಗದದ ಮೇಲೆ 141 ಸಿಕ್ಕ ಹುಡುಗ ನವೆಂಬರ್‌ನಿಂದ ಮಾರ್ಚ್‌ವರೆಗೆ 5 ಶೇಕಡಾ ಕೊಬ್ಬಿನ ಅಂಚಿನಲ್ಲಿ ಬದುಕಬೇಕು. ಬೆಳೆಯುವ ವಯಸ್ಸು, ಹಾಸ್ಟೆಲ್ ಊಟ, ಮೊದಲ ಸೆಮಿಸ್ಟರಿನ ಪರೀಕ್ಷೆ. ಅಂಥ ಹುಡುಗ ಜನವರಿಯ ಹೊತ್ತಿಗೆ ಅಭ್ಯಾಸದಲ್ಲಿ ಪಟ್ಟು ಕಲಿಯುವುದನ್ನು ಬಿಟ್ಟು ಬೆವರು ಹರಿಸುವುದಕ್ಕೇ ಓಡುತ್ತಿರುತ್ತಾನೆ. ತಂಡದಲ್ಲಿ ಆ ತೂಕಕ್ಕೆ ಜನವಿಲ್ಲ ಎಂಬ ಒಂದೇ ಕಾರಣಕ್ಕೆ ಫ್ರೆಶ್‌ಮನ್‌ನನ್ನು ಕೆಳಗಿನ ತೂಕಕ್ಕೆ ಎಳೆಯುವುದು ಈ ಇಡೀ ವಿಷಯದಲ್ಲಿ ಅತಿ ಸಾಮಾನ್ಯವಾದ ತಪ್ಪು. ಎರಡು ತೂಕಗಳ ನಡುವಿನವನಿಗೆ ರೆಡ್‌ಶರ್ಟ್ ಹೇಳಿ ಮಾಡಿಸಿದ್ದು: ಒಂದು ವರ್ಷ ಹೊಟ್ಟೆ ತುಂಬ ತಿಂದು, ಭಾರ ಎತ್ತಿ, ಮೇಲಿನ ತೂಕಕ್ಕೆ ಮೈ ತುಂಬಿಕೊಳ್ಳಲಿ.

197 ಮತ್ತು 285ರ ನಡುವಿನ ಕಂದಕ ನೋಡಿ. ಹೈಸ್ಕೂಲಿನಲ್ಲಿ 215 ಅಥವಾ 220ರಲ್ಲಿ ಆಡಿದವನಿಗೆ ಇಲ್ಲಿ ಜಾಗವೇ ಇಲ್ಲ. ಇಪ್ಪತ್ತು ಪೌಂಡ್ ಇಳಿಸಬೇಕು, ಇಲ್ಲವೇ ಅರವತ್ತು ಪೌಂಡ್ ಹೆಚ್ಚಿರುವವರ ಕೆಳಗೆ ಸಿಕ್ಕಿಕೊಳ್ಳಬೇಕು. ಈ ಹುಡುಗರ ವಿಷಯದಲ್ಲಿ ನಾವು ಎರಡನೇ ಯೋಚನೆ ಮಾಡುವುದಿಲ್ಲ. ಕೂರಲಿ.

ಆ ತೂಕದಲ್ಲಿ ಈಗಾಗಲೇ ಸೀನಿಯರ್ ಇದ್ದರೆ?

ಅವನ ಹತ್ತಿರ ಎಷ್ಟು ಸೀಸನ್ ಉಳಿದಿದೆ ನೋಡಿ. ಇದು ಅವನ ಕೊನೆಯ ವರ್ಷವಾದರೆ ಉತ್ತರ ಸುಲಭ: ಈ ವರ್ಷ ಅವನ ಜೊತೆ ದಿನವೂ ಹಿಡಿದು ಕಲಿತು, ಮುಂದಿನ ವರ್ಷ ಅವನ ಜಾಗಕ್ಕೆ ಬರುವುದು. ಇನ್ನೂ ಎರಡು ಮೂರು ವರ್ಷ ಇದ್ದರೆ ರೆಡ್‌ಶರ್ಟ್‌ನಿಂದ ದಾರಿ ತೆರೆಯುವುದಿಲ್ಲ. ತೂಕ ಬದಲಾಯಿಸಬೇಕು ಅಥವಾ ಅವನನ್ನು ಸೋಲಿಸಬೇಕು. ಹಿಂದೆ ಬರುವವರನ್ನೂ ಮರೆಯಬೇಡಿ. ಮುಂದಿನ ವರ್ಷಕ್ಕೆ ಅದೇ ತೂಕದ ಇನ್ನೊಬ್ಬ ಹೈಸ್ಕೂಲ್ ಹುಡುಗ ಇದೇ ಕಾಲೇಜಿಗೆ ಬರಲು ಈಗಾಗಲೇ ಒಪ್ಪಿಕೊಂಡಿದ್ದಾನೆಯೇ ಎಂಬುದು ಸಾಮಾನ್ಯವಾಗಿ ಬಹಿರಂಗ ಮಾಹಿತಿ.

ಆ ತೂಕದಲ್ಲಿ ಯಾರೂ ಇಲ್ಲದಿದ್ದರೆ ಒತ್ತಡ ಬೇರೆ ಥರದ್ದು. ಡ್ಯುಯಲ್‌ನಲ್ಲಿ, ಅಂದರೆ ಎರಡು ತಂಡಗಳ ನೇರ ಮುಖಾಮುಖಿಯಲ್ಲಿ, ಒಂದು ತೂಕ ಖಾಲಿ ಬಿಟ್ಟರೆ ಎದುರು ತಂಡಕ್ಕೆ ಪುಕ್ಕಟೆ ಆರು ಅಂಕ, ಚಿತ್ ಮಾಡಿದಷ್ಟೇ. ಅಲ್ಪ ಅಂತರದಲ್ಲಿ ಸೋತರೂ ಮೂರೇ ಹೋಗುತ್ತದೆ. ಹಾಗಾಗಿ ಕೋಚ್‌ಗೆ ಸೋಲುವ ಫ್ರೆಶ್‌ಮನ್ ಕೂಡ ಲಾಭವೇ. ಅವರ ಲೆಕ್ಕ ತಪ್ಪಲ್ಲ, ತಂಡದ ಲೆಕ್ಕ ಅದು. ಹುಡುಗನ ಲೆಕ್ಕ ಹುಡುಗನೇ ಹಾಕಿಕೊಳ್ಳಬೇಕು.

ದೊಡ್ಡ ಹೆಸರಿನವರೆಲ್ಲ ಏನು ಮಾಡಿದ್ದಾರೆ?

ಎರಡನ್ನೂ. ಅಯೋವಾ ಸ್ಟೇಟ್‌ನ ಕೇಲ್ ಸ್ಯಾಂಡರ್ಸನ್ ಮೊದಲ ವರ್ಷ ಕೂತರು. ಆಮೇಲೆ 1999ರಿಂದ 2002ರವರೆಗೆ ನಾಲ್ಕು ರಾಷ್ಟ್ರೀಯ ಪ್ರಶಸ್ತಿ, 159 ಗೆಲುವು, ಸೋಲು ಸೊನ್ನೆ. ಒಹಾಯೊ ಸ್ಟೇಟ್‌ನ ಲೋಗನ್ ಸ್ಟೀಬರ್ ಕೂಡ ಕೂತು ಆಮೇಲೆ ನಾಲ್ಕು ಗೆದ್ದರು. ಕಾರ್ನೆಲ್‌ನ ಕೈಲ್ ಡೇಕ್ ಕೂರಲೇ ಇಲ್ಲ. 2010ರಿಂದ 2013ರವರೆಗೆ 141, 149, 157, 165 ಹೀಗೆ ವರ್ಷಕ್ಕೊಂದು ತೂಕ ಏರುತ್ತಾ ನಾಲ್ಕೂ ಗೆದ್ದರು. ಅಯೋವಾದ ಸ್ಪೆನ್ಸರ್ ಲೀ 2018ರ ಜನವರಿಯಲ್ಲಿ ಕಣಕ್ಕಿಳಿದು ಅದೇ ಮಾರ್ಚ್‌ನಲ್ಲಿ 125ರ ಚಾಂಪಿಯನ್ ಆದರು.

ಹೆಚ್ಚು ಕಲಿಸುವುದು ಪೆನ್ ಸ್ಟೇಟ್, ಏಕೆಂದರೆ ಅಲ್ಲಿ ಒಬ್ಬರೇ ಕೋಚ್ ಎರಡು ದಾರಿಯನ್ನೂ ಹಿಡಿದಿದ್ದಾರೆ. ಅದೇ ಸ್ಯಾಂಡರ್ಸನ್ 2014-15ರಲ್ಲಿ ಜೇಸನ್ ನಾಲ್ಫ್, ಬೋ ನಿಕಲ್ ಇಬ್ಬರನ್ನೂ ಕೂರಿಸಿದರು. ಮುಂದೆ ಇಬ್ಬರೂ ಮೂರು ಮೂರು ಪ್ರಶಸ್ತಿ ಗೆದ್ದರು. ಮಾರ್ಕ್ ಹಾಲ್‌ರನ್ನು ಸೀಸನ್ ನಡುವೆ ಇಳಿಸಿದರು, 2017ರಲ್ಲಿ 174ರ ಪ್ರಶಸ್ತಿ ಬಂತು. ಲೆವಿ ಹೇನ್ಸ್ 2022-23ರಲ್ಲಿ ಐದು ದಿನದ ಹೊಸ ನಿಯಮದಡಿ ರುಚಿ ನೋಡಿ, ಆಮೇಲೆ ಪೂರ್ತಿ ಇಳಿದು, ಬಿಗ್ ಟೆನ್ ಕಾನ್ಫರೆನ್ಸ್ ಟೂರ್ನಿ ಗೆದ್ದು ರಾಷ್ಟ್ರೀಯ ಫೈನಲ್‌ನಲ್ಲಿ ಸೋತರು. ಮರುವರ್ಷ ಗೆದ್ದರು.

ಈ ಪಟ್ಟಿಯಲ್ಲಿ ಗೆದ್ದವರಷ್ಟೇ ಇದ್ದಾರೆ ಎಂಬುದನ್ನು ಮರೆಯಬೇಡಿ. ಟ್ರೂ ಫ್ರೆಶ್‌ಮನ್ ಆಗಿ ಇಳಿದು ಹತ್ತು ಹನ್ನೆರಡು ಸೋತು, ಭುಜ ಕಿತ್ತುಕೊಂಡು ಮರೆಯಾದವರ ಪಟ್ಟಿ ಯಾರೂ ಮಾಡಿಟ್ಟಿಲ್ಲ. ಇನ್ನೊಂದು: ಪೆನ್ ಸ್ಟೇಟ್‌ನ ಕಾರ್ಟರ್ ಸ್ಟಾರೋಚಿಯ ಐದು ಪ್ರಶಸ್ತಿಗಳನ್ನು ಉದಾಹರಣೆ ಕೊಡಬೇಡಿ. ಕೋವಿಡ್ ಕಾಲದ 2020-21ರ ಸೀಸನ್ ಲೆಕ್ಕಕ್ಕೆ ಹಿಡಿಯದ್ದರಿಂದ ಅದು ಸಾಧ್ಯವಾಯಿತು.

ರೆಡ್‌ಶರ್ಟ್ ವರ್ಷದಲ್ಲಿ ಪಂದ್ಯಗಳೇ ಇರುವುದಿಲ್ಲವೇ?

ಇರುತ್ತವೆ, ಇರಲೇಬೇಕು. ಓಪನ್ ಟೂರ್ನಿಗಳಲ್ಲಿ ‘ಅನ್‌ಅಟ್ಯಾಚ್ಡ್’ ಆಗಿ, ಅಂದರೆ ಯಾವ ಕಾಲೇಜಿಗೂ ಸೇರದವನಾಗಿ ಸ್ಪರ್ಧಿಸಬಹುದು. ಷರತ್ತುಗಳು ಕಟ್ಟುನಿಟ್ಟು. ಪ್ರವೇಶ ಶುಲ್ಕ ಕಾಲೇಜು ಕಟ್ಟಬಾರದು, ಹೋಗಿಬರುವ ಖರ್ಚು ಕೊಡಬಾರದು, ಕಾಲೇಜಿನ ಸಿಂಗ್ಲೆಟ್ ಹಾಕಬಾರದು. ಎಡವಟ್ಟಾಗುವುದು ಸಣ್ಣ ಸಂಗತಿಯಲ್ಲೇ: ಬ್ಯಾಗಿನಲ್ಲಿ ಬೇರೆ ಸಿಂಗ್ಲೆಟ್ ಇಲ್ಲದೆ ತಂಡದ್ದನ್ನೇ ಹಾಕಿಕೊಳ್ಳುವುದು, ತಂಡದ ಬಸ್ಸಿನಲ್ಲಿ ಜಾಗವಿದೆಯೆಂದು ಹತ್ತುವುದು, ಆನ್‌ಲೈನ್ ನೋಂದಣಿಯಲ್ಲಿ ಅಭ್ಯಾಸಬಲದಿಂದ ಕಾಲೇಜಿನ ಹೆಸರು ಆರಿಸುವುದು. ಬಣ್ಣವೂ ಗುರುತೂ ಇಲ್ಲದ ಸಾದಾ ಸಿಂಗ್ಲೆಟ್ ಎರಡು ಆಗಸ್ಟ್‌ನಲ್ಲೇ ಕೊಂಡಿಡಿ. ಶುಲ್ಕ ಕಟ್ಟಿದ ರಸೀದಿ ಉಳಿಸಿಕೊಳ್ಳಿ.

ಓಪನ್‌ಗಳು ದಟ್ಟವಾಗಿರುವುದು ನವೆಂಬರ್‌ನಿಂದ ಜನವರಿ ಮೊದಲ ವಾರದವರೆಗೆ. ಆಮೇಲೆ ಬರ. ಈ ಬರಗಾಲದ ಬಗ್ಗೆ ಮುಂಚೆಯೇ ಯೋಚಿಸದವರು ಫೆಬ್ರವರಿಯಲ್ಲಿ ಕೈಕಟ್ಟಿ ಕೂರುತ್ತಾರೆ. ಏಪ್ರಿಲ್‌ನಿಂದ ಫ್ರೀಸ್ಟೈಲ್ ಶುರು. ರೆಡ್‌ಶರ್ಟ್ ಹುಡುಗ ಜನವರಿ ಕೊನೆಯಿಂದಲೇ ಅದಕ್ಕೆ ತಯಾರಿ ಮಾಡಬಹುದು. 20 ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಶಿಪ್ ತಂಡದ ಆಸೆ ಇರುವವರಿಗೆ ಇದು ದೊಡ್ಡ ಅನುಕೂಲ.

ರೆಡ್‌ಶರ್ಟ್ ಮಾಡಿದವರು ಎಲ್ಲಿ ಎಡವುತ್ತಾರೆ?

ಜನವರಿ ಬಂದ ಕೂಡಲೇ ಕೋಚ್‌ಗಳ ಕಣ್ಣೆಲ್ಲ ಆ ಹತ್ತು ಜನರ ಮೇಲೆ. ಕೂತವನು ಮುಂದಿನ ಎದುರಾಳಿಯ ಪಟ್ಟುಗಳನ್ನು ಅನುಕರಿಸಿ ತೋರಿಸುವ ಜೊತೆಗಾರನಾಗುತ್ತಾನೆ. ಇಡೀ ವಾರ ಇನ್ನೊಬ್ಬರ ಕುಸ್ತಿ ಆಡುತ್ತಾ ತನ್ನದು ಮರೆಯುತ್ತದೆ. ಪರಿಹಾರ ಸರಳ: ವಾರಕ್ಕೆ ಎರಡು ದಿನವಾದರೂ ಒಬ್ಬ ಸಹಾಯಕ ಕೋಚ್ ಜೊತೆ ಅರ್ಧ ಗಂಟೆ, ಒಂದೇ ವಿಷಯ. ಈ ಸಮಯವನ್ನು ಸೆಪ್ಟೆಂಬರ್‌ನಲ್ಲೇ ಕೇಳಿ ಪಡೆಯಬೇಕು.

ಎರಡನೆಯದು ಓದು. ಪಂದ್ಯವಿಲ್ಲ ಎಂದು ಶಿಸ್ತು ಸಡಿಲಬಿಡುವವರಿದ್ದಾರೆ. ನಿಯಮ ರೆಡ್‌ಶರ್ಟ್‌ಗೂ ಅದೇ: ಎರಡನೇ ವರ್ಷ ಶುರುವಾಗುವ ಮೊದಲು 24 ಸೆಮಿಸ್ಟರ್ ಕ್ರೆಡಿಟ್, ಎರಡನೇ ವರ್ಷದ ಕೊನೆಗೆ ಪದವಿಯ 40 ಶೇಕಡಾ, ಮೂರರ ಕೊನೆಗೆ 60, ನಾಲ್ಕರ ಕೊನೆಗೆ 80. ಉಳಿಸಿಟ್ಟ ಸೀಸನ್ ಕ್ರೆಡಿಟ್ ಸಾಲದೆ ಕೈತಪ್ಪಿದರೆ ಯಾರನ್ನೂ ದೂರುವಂತಿಲ್ಲ.

ಮೂರನೆಯದು, ಮೈ ತುಂಬಿಕೊಳ್ಳುವ ಹೆಸರಲ್ಲಿ ಬರೀ ಬೊಜ್ಜು ಬೆಳೆಸುವುದು. ತಿಂಗಳಿಗೊಮ್ಮೆ ಕೊಬ್ಬಿನ ಅಳತೆ ಮಾಡಿಸಿದರೆ ತಿಳಿಯುತ್ತದೆ.

ಜನವರಿಯಲ್ಲಿ ಕೋಚ್ ‘ರೆಡ್‌ಶರ್ಟ್ ತೆಗೆದುಬಿಡೋಣ’ ಅಂದರೆ?

ಒಂದು ರಾತ್ರಿಯ ಸಮಯ ಕೇಳಿಕೊಳ್ಳಿ. ‘ಯೋಚಿಸಿ ನಾಳೆ ಹೇಳ್ತೀನಿ ಕೋಚ್’ ಎನ್ನುವುದರಲ್ಲಿ ಅವಿಧೇಯತೆ ಏನಿಲ್ಲ.

ಮುಖ್ಯವಾಗಿ ನೋಡಬೇಕಾದ್ದು ಮಾರ್ಚ್. ರಾಷ್ಟ್ರೀಯ ಚಾಂಪಿಯನ್‌ಶಿಪ್‌ಗೆ ತೂಕಕ್ಕೆ 33 ಜನ, ಒಟ್ಟು 330. ಮೊದಲ ಎಂಟು ಸ್ಥಾನ ಪಡೆದವರು ಆಲ್-ಅಮೆರಿಕನ್. ಯಾವ ಕಾನ್ಫರೆನ್ಸ್‌ಗೆ ಯಾವ ತೂಕದಲ್ಲಿ ಎಷ್ಟು ಜಾಗ ಎಂಬುದು ಸೀಸನ್ನಿನ ಗೆಲುವಿನ ಪ್ರಮಾಣ, ಆರ್‌ಪಿಐ (ಎದುರಾಳಿಗಳ ಬಲವನ್ನೂ ಲೆಕ್ಕಕ್ಕೆ ಹಿಡಿಯುವ ಸೂಚ್ಯಂಕ), ಕೋಚ್‌ಗಳ ಶ್ರೇಯಾಂಕ ಇವುಗಳಿಂದ ನಿಗದಿಯಾಗುತ್ತದೆ. ತಡವಾಗಿ ಇಳಿದವನಿಗೆ ಪಂದ್ಯಗಳು ಕಡಿಮೆ. ಕಾನ್ಫರೆನ್ಸ್ ಟೂರ್ನಿಯಲ್ಲಿ ಜಾಗ ಗೆಲ್ಲದಿದ್ದರೆ ಉಳಿದ ಜಾಗಗಳಿಗೆ ಸಮಿತಿ ಮಾಡುವ ಅಟ್-ಲಾರ್ಜ್ ಆಯ್ಕೆಯಲ್ಲಿ ತೋರಿಸಲು ಅವನ ಕೈಯಲ್ಲಿ ಹೆಚ್ಚೇನೂ ಇರುವುದಿಲ್ಲ.

ನಾವು ಹೇಳುವ ಅಳತೆಗೋಲು ಹೀಗಿದೆ. ಈ ಮಾರ್ಚ್‌ನಲ್ಲಿ ಮೊದಲ ಎಂಟರಲ್ಲಿ ಬರುವ ನಿಜವಾದ ಸಾಧ್ಯತೆ ಇದ್ದರೆ, ಅಂದರೆ ಡಿಸೆಂಬರ್‌ನೊಳಗೆ ಆ ಮಟ್ಟದವರನ್ನು ಸೋಲಿಸಿದ್ದರೆ ಅಥವಾ ಕೊನೆಯ ಸುತ್ತಿನವರೆಗೆ ಸಮಸಮ ನಿಂತಿದ್ದರೆ, ಇಳಿಯಲಿ. ಅಂಥ ಹುಡುಗನನ್ನು ಕಟ್ಟಿಹಾಕುವುದರಲ್ಲಿ ಅರ್ಥವಿಲ್ಲ. ಬರೀ ಅರ್ಹತೆ ಪಡೆದು ಎರಡು ಪಂದ್ಯ ಸೋತು ಹೊರಬೀಳುವುದಾದರೆ ಬೇಡ. ನಡುವಿನವರದ್ದೇ ಕಷ್ಟ. ಅವರಿಗೆ ತೂಕವೇ ತೀರ್ಪು: ಈ ತೂಕದಲ್ಲಿ ಸುಖವಾಗಿದ್ದಾನೆಯೇ? ಹೌದಾದರೆ ಇಳಿಯಲಿ, ಇಲ್ಲವಾದರೆ ಕೂರಲಿ.

ಇಳಿದ ಮೇಲೆ ಗಾಯವಾದರೆ ಸೀಸನ್ ವಾಪಸ್ ಸಿಗುತ್ತದೆಯೇ?

ಷರತ್ತಿನ ಮೇಲೆ. ಗಾಯ ಸೀಸನ್ನಿನ ಮೊದಲರ್ಧದಲ್ಲೇ ಆಗಿರಬೇಕು, ಆ ಸೀಸನ್ ಮುಂದೆ ಆಡಲಾಗದಷ್ಟು ತೀವ್ರವಾಗಿರಬೇಕು. ಅಷ್ಟರಲ್ಲಿ ಮೂರು ಸ್ಪರ್ಧಾ ದಿನ ಅಥವಾ ಸೀಸನ್ನಿನ 30 ಶೇಕಡಾ, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ಮೀರಿ ಆಡಿರಬಾರದು. ಗಾಯದ ಸಮಯದಲ್ಲೇ ವೈದ್ಯರು ಬರೆದ ದಾಖಲೆ ಬೇಕು, ತಿಂಗಳುಗಟ್ಟಲೆ ಆದ ಮೇಲೆ ಬರೆಸಿದ್ದು ನಿಲ್ಲುವುದಿಲ್ಲ. ‘ನೋಡೋಣ, ಜನವರಿಯಲ್ಲಿ ಇನ್ನೊಂದು ಸಲ ಪ್ರಯತ್ನಿಸೋಣ’ ಎಂದು ಮಂಡಿ ಕಟ್ಟಿಕೊಂಡು ಮತ್ತೆ ಇಳಿದವರು ಈ ಅವಕಾಶವನ್ನು ತಾವೇ ಕಳೆದುಕೊಳ್ಳುತ್ತಾರೆ.

ಹೈಸ್ಕೂಲಿನ ಕೊನೆಯಲ್ಲಿ ಮಂಡಿಯ ಎಸಿಎಲ್ ಅಥವಾ ಭುಜದ ಶಸ್ತ್ರಚಿಕಿತ್ಸೆ ಆಗಿದ್ದರೆ ಚರ್ಚೆಯೇ ಬೇಡ. ಸೀಸನ್ ಶುರುವಾಗುವ ನವೆಂಬರ್ ಅವನಿಗೆ ತುಂಬ ಬೇಗ.

ಮೊದಲ ವರ್ಷವೇ ಕೂರಬೇಕೇ? ಆಮೇಲೆ ಕೂರಬಹುದೇ?

ಯಾವ ವರ್ಷವಾದರೂ ಸರಿ. ಪೆನ್ ಸ್ಟೇಟ್‌ನ ಜೇನ್ ರೆದರ್‌ಫರ್ಡ್ 2013-14ರಲ್ಲಿ ಟ್ರೂ ಫ್ರೆಶ್‌ಮನ್ ಆಗಿ 141ರಲ್ಲಿ ಐದನೇ ಸ್ಥಾನ ಪಡೆದರು. ಮರುವರ್ಷ ಕೂತರು. 149ಕ್ಕೆ ಏರಿ 2016, 2017, 2018 ಮೂರೂ ಗೆದ್ದರು. ಮೊದಲ ವರ್ಷ ಇಳಿದುಬಿಟ್ಟರೆ ಬಾಗಿಲು ಮುಚ್ಚಿತೆಂದು ಹೆದರುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಆದರೆ ಐದು ದಿನದ ಸಡಿಲಿಕೆ ಮೊದಲ ವರ್ಷದವರಿಗೆ ಮಾತ್ರ.

ಐದನೇ ವರ್ಷದ ಖರ್ಚು ಯಾರದು?

ಇದನ್ನು ಸಹಿ ಹಾಕುವ ಮೊದಲು ಕೇಳಬೇಕು. ಹಿಂದೆ ಇಡೀ ತಂಡಕ್ಕೆ 9.9 ಸ್ಕಾಲರ್‌ಶಿಪ್ ಇತ್ತು, ಅದನ್ನೇ ಹಂಚುತ್ತಿದ್ದರು. 2025-26ರಿಂದ ‘ಹೌಸ್’ ಮೊಕದ್ದಮೆಯ ರಾಜಿ ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ಆ ಮಿತಿ ಹೋಗಿ ತಂಡದಲ್ಲಿ 30 ಜನ ಎಂಬ ಮಿತಿ ಬಂದಿದೆ. ಅಂದರೆ ಕೂತವನೂ ಮೂವತ್ತರಲ್ಲಿ ಒಂದು ಕುರ್ಚಿ ಹಿಡಿದಿರುತ್ತಾನೆ. ಎರಡನೇ ವರ್ಷವೂ ಅದು ಅವನದೇ ಎಂಬ ಭರವಸೆ ಕೋಚ್ ಬಾಯಲ್ಲಿ ಅಲ್ಲ, ಕಾಗದದಲ್ಲಿ ಇರಲಿ.

ನಾಲ್ಕೇ ವರ್ಷದಲ್ಲಿ ಪದವಿ ಮುಗಿಸುವ ಹುಡುಗ ಐದನೇ ವರ್ಷ ಸ್ನಾತಕೋತ್ತರ ಕೋರ್ಸ್ ಮಾಡುತ್ತಾ ಆಡಬಹುದು, ಆ ಶುಲ್ಕ ಬೇರೆ. ಎಂಜಿನಿಯರಿಂಗ್ ಓದುವವರಿಗೆ ಐದು ವರ್ಷಕ್ಕೆ ಹಂಚಿಕೊಂಡರೆ ಹಗುರವಾಗುತ್ತದೆ. ನಾಲ್ಕು ವರ್ಷ ಮುಗಿಸಿ ನೇರ ಮೆಡಿಕಲ್‌ಗೆ ಹೋಗಲೇಬೇಕು ಎಂದು ಮನೆಯಲ್ಲಿ ಮೊದಲೇ ನಿಶ್ಚಯವಾಗಿದ್ದರೆ, ದಯವಿಟ್ಟು ರೆಡ್‌ಶರ್ಟ್ ಮಾಡಿಸಬೇಡಿ. ನಾಲ್ಕೂ ವರ್ಷ ಆಡಲಿ.

ಐವಿ ಲೀಗ್, ಸೇನಾ ಅಕಾಡೆಮಿಗಳಲ್ಲಿ?

ಐವಿಯಲ್ಲಿ ಬ್ರೌನ್, ಕೊಲಂಬಿಯಾ, ಕಾರ್ನೆಲ್, ಹಾರ್ವರ್ಡ್, ಪೆನ್, ಪ್ರಿನ್ಸ್‌ಟನ್ ಈ ಆರಕ್ಕೆ ಕುಸ್ತಿ ತಂಡವಿದೆ. ಕ್ರೀಡಾ ಸ್ಕಾಲರ್‌ಶಿಪ್ ಇಲ್ಲ, ಆಟಕ್ಕಾಗಿ ರೆಡ್‌ಶರ್ಟ್ ಮಾಡುವ ಪದ್ಧತಿಯೂ ಇಲ್ಲ, ಸ್ನಾತಕೋತ್ತರ ವಿದ್ಯಾರ್ಥಿಗಳು ಆಡುವಂತಿಲ್ಲ. ಅದರ ಬದಲು ಕಾಲೇಜು ಸೇರುವುದನ್ನೇ ಒಂದು ವರ್ಷ ಮುಂದೂಡುತ್ತಾರೆ, ಇದಕ್ಕೆ ಗ್ರೇಶರ್ಟ್ ಎನ್ನುತ್ತಾರೆ. ಪೂರ್ಣಾವಧಿ ಸೇರದಿರುವುದರಿಂದ ಗಡಿಯಾರ ಓಡುವುದಿಲ್ಲ. ಕಾರ್ನೆಲ್‌ಗೆ ಹೋಗುವವರು ಆ ವರ್ಷ ಇಥಾಕಾದ ಕ್ಲಬ್ಬಿನಲ್ಲಿ ಅಭ್ಯಾಸ ಮಾಡುವುದು ರೂಢಿ. ಸೇನೆ, ನೌಕಾಪಡೆ ಅಕಾಡೆಮಿಗಳಲ್ಲಿ ಅವರದೇ ಪೂರ್ವಸಿದ್ಧತಾ ಶಾಲೆಯ ಒಂದು ವರ್ಷ ಹೆಚ್ಚುಕಡಿಮೆ ಇದೇ ಕೆಲಸ ಮಾಡುತ್ತದೆ.

ಭಾರತದಿಂದ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಹೋಗುವವರಿಗೆ ಬೇರೆ ಏನಾದರೂ?

ಮೂರು ವಿಷಯ. ವೀಸಾಕ್ಕಾಗಿ ಕಾಲೇಜು ಕೊಡುವ ಐ-20 ಪತ್ರದಲ್ಲಿ ಪದವಿಗೆ ಸಾಮಾನ್ಯವಾಗಿ ನಾಲ್ಕು ವರ್ಷ ಬರೆದಿರುತ್ತದೆ. ಅದನ್ನು ವಿಸ್ತರಿಸಲು ಓದಿನ ಅಥವಾ ಆರೋಗ್ಯದ ಬಲವಾದ ಕಾರಣ ಬೇಕು, ‘ಇನ್ನೊಂದು ಸೀಸನ್ ಇದೆ’ ಎನ್ನುವುದು ಕಾರಣವಲ್ಲ. ಐದನೇ ವರ್ಷಕ್ಕೆ ಸ್ನಾತಕೋತ್ತರ ಪ್ರವೇಶ ಪಡೆದು ಹೊಸ ಐ-20 ಮಾಡಿಸುವ ದಾರಿಯನ್ನು ಮೂರನೇ ವರ್ಷದಲ್ಲೇ ಹಿಡಿಯಿರಿ. ಎರಡು, ಶಾಲೆ ಮುಗಿಸಿ ಹೆಚ್ಚು ಕಾಲ ಊರಲ್ಲೇ ಸ್ಪರ್ಧಿಸುತ್ತಿದ್ದರೆ ಆ ತಡಕ್ಕೇ ಸೀಸನ್ ಕಡಿತವಾಗಬಹುದು, ಆಗ ರೆಡ್‌ಶರ್ಟ್‌ನ ಲೆಕ್ಕವೇ ತಲೆಕೆಳಗು. ಮೂರು, ದಸರಾ ಕುಸ್ತಿಯಲ್ಲಾಗಲಿ ಜಾತ್ರೆಯ ಕುಸ್ತಿಯಲ್ಲಾಗಲಿ ಗೆದ್ದ ನಗದು ಬಹುಮಾನವನ್ನು ಆಟಗಾರರ ಅರ್ಹತೆ ಪರಿಶೀಲಿಸುವ ಎನ್‌ಸಿಎಎ ಎಲಿಜಿಬಿಲಿಟಿ ಸೆಂಟರ್‌ನ ಅರ್ಜಿಯಲ್ಲಿ ಮುಚ್ಚಿಡಬೇಡಿ. ಮೊತ್ತ, ದಿನಾಂಕ, ಖರ್ಚು ಎಲ್ಲ ಬರೆಯಿರಿ. ಆಮೇಲೆ ಯೂಟ್ಯೂಬ್ ವಿಡಿಯೊದಿಂದ ಹೊರಬಂದರೆ ಹೆಚ್ಚು ತೊಂದರೆ.

ಹುಡುಗಿಯರಿಗೂ ಇದೇ ನಿಯಮವೇ?

ಮಹಿಳಾ ಕುಸ್ತಿ 2025ರ ಜನವರಿಯಲ್ಲಿ ಎನ್‌ಸಿಎಎಯ 91ನೇ ಚಾಂಪಿಯನ್‌ಶಿಪ್ ಕ್ರೀಡೆಯಾಯಿತು. ಅವರು ಆಡುವುದು ಫ್ರೀಸ್ಟೈಲ್, ಹಾಗಾಗಿ ಮೇಲೆ ಹೇಳಿದ ರೈಡಿಂಗ್ ಟೈಮ್ ತಲೆನೋವು ಇಲ್ಲ. ತಂಡಗಳು ಹೊಸವು, ಖಾಲಿ ಜಾಗ ಹೆಚ್ಚು. ಬಹುಪಾಲು ಹುಡುಗಿಯರಿಗೆ ಮೊದಲ ವರ್ಷವೇ ಇಳಿಯುವುದು ಸರಿ ಎಂದು ನಮಗನಿಸುತ್ತದೆ. ಸ್ಪರ್ಧಾ ದಿನಗಳ ಸಡಿಲಿಕೆಯನ್ನು ಮಾತ್ರ ಕಂಪ್ಲಯನ್ಸ್‌ನಲ್ಲಿ ಬೇರೆಯಾಗಿಯೇ ಕೇಳಿ.

ಕೋಚ್ ಹತ್ತಿರ ಕೂತಾಗ ಏನೇನು ಕೇಳಬೇಕು?

ಪ್ರಶ್ನೆಗಳನ್ನು ಹುಡುಗನೇ ಕೇಳಲಿ. ಅಪ್ಪ ಪಕ್ಕದಲ್ಲಿ ಕೂತು ಬರೆದುಕೊಳ್ಳಲಿ. ಈ ವರ್ಷ ಮತ್ತು ಮುಂದಿನ ವರ್ಷ ನನ್ನನ್ನು ಯಾವ ತೂಕದಲ್ಲಿ ನೋಡುತ್ತಿದ್ದೀರಿ? ಆ ತೂಕದಲ್ಲಿರುವವರಿಗೆ ಎಷ್ಟು ಸೀಸನ್ ಬಾಕಿ? ಕೂತರೆ ಯಾವ ಯಾವ ಓಪನ್‌ಗೆ ಕಳಿಸುವ ಯೋಚನೆ, ಒಟ್ಟು ಎಷ್ಟು ಪಂದ್ಯ ಸಿಗುತ್ತದೆ? ಐದು ದಿನಗಳನ್ನು ಯಾರ ಮೇಲೆ ಬಳಸುತ್ತೀರಿ? ರೆಡ್‌ಶರ್ಟ್ ತೆಗೆಯುವ ಸಂದರ್ಭ ಬಂದರೆ ಕೊನೆಯ ಮಾತು ನನ್ನದೋ ನಿಮ್ಮದೋ? ಐದನೇ ವರ್ಷ ಸ್ಕಾಲರ್‌ಶಿಪ್ ಇರುತ್ತದೆಯೇ?

ಕೊನೆಯ ಎರಡಕ್ಕೆ ‘ಆಮೇಲೆ ನೋಡೋಣ’ ಎಂಬ ಉತ್ತರ ಬಂದರೆ, ಅದು ‘ಇಲ್ಲ’ ಎಂದೇ ಹಿಡಿದು ಲೆಕ್ಕ ಹಾಕಿ.